ಬೆಟ್ಟ ನೋಡುವ ಮುಂಚೆ ಕಾರ್ಡಿನ ಬೆನ್ನು ನೋಡಿ

ಹಳೇ ಕಾಗದಪತ್ರ, ಹಳೇ ಚಿತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ಅಂಚೆ ನೌಕರರೊಬ್ಬರ ಉತ್ತರ

ಪ್ರಶ್ನೆ: ಅಟ್ಟ ಗುಡಿಸುವಾಗ ತಾತನ ಟ್ರಂಕಿನಲ್ಲಿ ಪಿಕ್ಚರ್ ಪೋಸ್ಟ್‌ಕಾರ್ಡುಗಳ ಕಟ್ಟು ಸಿಕ್ಕಿತು. ಊಟಿ, ಡಾರ್ಜಿಲಿಂಗ್, ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟಗಳು. ಎಲ್ಲೂ ಇಸವಿ ಇಲ್ಲ. ಎಷ್ಟು ಹಳೆಯವು ಅಂತ ತಿಳಿಯುವುದು ಹೇಗೆ?
– ಓದುಗರು, ಮದ್ದೂರು

ಉತ್ತರ: ಗುಜರಿಗೆ ಹಾಕದೆ ಎತ್ತಿಟ್ಟಿರಲ್ಲ, ತುಂಬಾ ಸಂತೋಷ. ಬೆಟ್ಟ ಆಮೇಲೆ, ಮೊದಲು ಕಾರ್ಡು ಮಗುಚಿ. ಬೆನ್ನ ನಡುವೆ ಗೆರೆಯಿದ್ದು, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯುವ ಹಾಗಿದೆಯೇ? ಈ ಪದ್ಧತಿಗೆ ಬ್ರಿಟನ್ ಒಪ್ಪಿದ್ದು 1902ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಅದಕ್ಕೆ ಮುಂಚೆ ಬೆನ್ನು ಪೂರ್ತಿ ವಿಳಾಸಕ್ಕೇ ಮೀಸಲು. ಜನ ಚಿತ್ರದ ಅಂಚಿನ ಬಿಳಿ ಜಾಗದಲ್ಲೇ ಇರುವೆ ಸಾಲಿನ ಹಾಗೆ ಕ್ಷೇಮಸಮಾಚಾರ ಬರೆಯುತ್ತಿದ್ದರು. ಹಳೇ ದಾಸ್ತಾನು ಆಮೇಲೂ ಮಾರಾಟವಾಗುತ್ತಿತ್ತು, ಆದ್ದರಿಂದ ಗೆರೆಯೊಂದನ್ನೇ ನಂಬಬೇಡಿ. ಸ್ಟಾಂಪು ನೋಡಿ. ನಮ್ಮ ದೇಶದ ಸ್ಟಾಂಪಿನಲ್ಲಿ ಏಳನೇ ಎಡ್ವರ್ಡ್ ದೊರೆಯಿದ್ದರೆ 1902ರಿಂದ ಈಚೆಗೆ, ಐದನೇ ಜಾರ್ಜ್ ಇದ್ದರೆ 1911ರಿಂದ ಈಚೆಗೆ. ಅಂಚೆ ಠಸ್ಸೆಯಲ್ಲಿ ತಾರೀಖು ಬಿದ್ದಿದ್ದರಂತೂ ಅದಕ್ಕಿಂತ ಸಾಕ್ಷಿ ಬೇಡ. ಕಾರ್ಡನ್ನು ಬೆಳಕಿಗೆ ಓರೆ ಹಿಡಿದರೆ ಮಾಸಿದ ಠಸ್ಸೆಯೂ ಎಷ್ಟೋ ಸಲ ಓದಲು ಸಿಗುತ್ತದೆ.

ಇನ್ನು ಚಿತ್ರ. ಬೆಟ್ಟದಿಂದ ಕಾಲ ತಿಳಿಯದು, ಅದರ ಮೈಮೇಲೆ ಮನುಷ್ಯ ಕಟ್ಟಿದ್ದನ್ನು ಹುಡುಕಿ. ನೀಲಗಿರಿ ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಊಟಿ ಸ್ಟೇಷನ್ ಕಂಡರೆ ಅದಕ್ಕಿಂತ ಹಿಂದಿನ ಕಾರ್ಡಲ್ಲ. ಕಾಂಚನಜುಂಗದ ಮುಂದೆ, ಡಾರ್ಜಿಲಿಂಗ್ ಹತ್ತಿರದ ಬತಾಸಿಯಾದಲ್ಲಿ ರೈಲು ಹಳಿ ಸುತ್ತಿ ಬರುವ ತಿರುವು ಇದ್ದರೆ 1919ರ ನಂತರದ್ದು. ಸ್ವಿಟ್ಜರ್ಲೆಂಡಿನ ಕಾರ್ಡುಗಳಲ್ಲಿ ಮಾತ್ರ ಬೆಟ್ಟವೇ ಬದಲಾಗಿದೆ. ಗ್ಲೆಚ್ ಎಂಬಲ್ಲಿನ ಹೋಟೆಲಿನ ಹಿಂದೆ ರೋನ್ ಹಿಮನದಿ ಬೆಟ್ಟದಿಂದ ಧುಮುಕುವ ಹಳೇ ಕಾರ್ಡುಗಳಿವೆ. ಇವತ್ತು ಅದೇ ಜಾಗದಲ್ಲಿ ಬರೀ ಬಂಡೆ. ಅಂಥದ್ದು ನಿಮ್ಮ ಕಟ್ಟಿನಲ್ಲಿದ್ದರೆ ಜೋಪಾನ, ಅದು ಕರಗಿಹೋದ ಹಿಮದ ದಾಖಲೆ.

ಒಂದು ಭೂತಗನ್ನಡಿ ಕೊಳ್ಳಿ. ಚುಕ್ಕಿ ಚುಕ್ಕಿ ಕಂಡರೆ ಅಚ್ಚಾದ ಚಿತ್ರ. ಚುಕ್ಕಿಯೇ ಇಲ್ಲದೆ ನುಣ್ಣಗಿದ್ದು, ಕಪ್ಪು ಭಾಗ ಓರೆಬೆಳಕಿಗೆ ಬೆಳ್ಳಿಯಂತೆ ಹೊಳೆದರೆ ಅಸಲು ಫೋಟೋ. ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಕಪ್ಪುಬಿಳುಪು ಫೋಟೋ ಇಟ್ಟುಕೊಂಡು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು ಮಾಡಿ ಜ್ಯೂರಿಕ್‌ನಲ್ಲಿ ಅಚ್ಚು ಹಾಕುತ್ತಿದ್ದರು. ಶಿಖರದ ಮೇಲಿನ ಆ ಗುಲಾಬಿ ಸಂಜೆಯನ್ನು ಬಳಿದದ್ದು ಅಚ್ಚುಕೂಟದವರೂ ಇರಬಹುದು.

ಪ್ರಶ್ನೆ: ಹಿಮದ ಬೆಟ್ಟಗಳಿಗೇ ಬೆಲೆ ಅಂತಾರೆ. ನಮ್ಮ ಚಾಮುಂಡಿಬೆಟ್ಟದ ಕಾರ್ಡು ಸಂಗ್ರಹಕ್ಕೆ ಯೋಗ್ಯವೇ?
– ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಯೋಗ್ಯ ತಾಯಿ. ಆಲ್ಪ್ಸ್ ಕಾರ್ಡುಗಳನ್ನು ಪ್ರವಾಸಿಗರಿಗೆಂದು ರಾಶಿ ರಾಶಿ ಅಚ್ಚು ಹಾಕಿದರು, ಈಗಲೂ ಅಗ್ಗಕ್ಕೆ ಸಿಗುತ್ತವೆ. ನಮ್ಮ ಬೆಟ್ಟದವು ಅಷ್ಟು ಸಲೀಸಾಗಿ ಸಿಗುವುದಿಲ್ಲ. ನನ್ನಲ್ಲಿರುವ ಒಂದರಲ್ಲಿ ಬೆಟ್ಟದ ಮೇಲಿನಿಂದ ಊರು ಕಾಣುತ್ತದೆ. ದೊಡ್ಡ ಅರಮನೆಯ ಗುಮ್ಮಟ ಪೂರ್ತಿ ಎದ್ದಿದೆ, ಆದರೆ ಲಲಿತಮಹಲ್ ಇರಬೇಕಾದ ಕಡೆ ಬರೀ ಬಯಲು. ಅರಮನೆ ಮುಗಿದದ್ದು 1912ರಲ್ಲಿ, ಲಲಿತಮಹಲ್ ಕಟ್ಟಲು ತೊಡಗಿದ್ದು 1921ರಲ್ಲಿ. ಹೆಚ್ಚುಕಡಿಮೆ ಆ ನಡುವಿನ ಚಿತ್ರ. ಬೆನ್ನಿನಲ್ಲಿ ಯಾರೋ ಪೆನ್ಸಿಲಿನಲ್ಲಿ “ಮಳೆ ಹಿಡಿದಿದೆ, ರಾಗಿ ಪೈರು ಚೆನ್ನಾಗಿದೆ” ಎಂದು ಬರೆದಿದ್ದಾರೆ. ಎಂಥ ಹಿಮದ ಕಾರ್ಡು ಕೊಟ್ಟರೂ ನಾನು ಇದನ್ನು ಬಿಡೆ.

ಪ್ರಶ್ನೆ: ಕಾರ್ಡಿನ ಸ್ಟಾಂಪುಗಳನ್ನು ನೀರಲ್ಲಿ ನೆನೆಸಿ ಬಿಡಿಸಬಹುದೇ? ಕೆಲವು ಕಾರ್ಡುಗಳು ಆಲ್ಬಂ ಹಾಳೆಗೆ ಅಂಟಿಕೊಂಡಿವೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ದಯವಿಟ್ಟು ಬೇಡ. ಚಿತ್ರ, ಒಕ್ಕಣೆ, ಸ್ಟಾಂಪು, ಠಸ್ಸೆ ನಾಲ್ಕೂ ಸೇರಿದರೇ ಅದೊಂದು ಕಾಗದ. ಸ್ಟಾಂಪು ಕಿತ್ತರೆ ಠಸ್ಸೆ ಅರ್ಧ ಹೋಗುತ್ತದೆ, ಅದರ ಜೊತೆ ಊರೂ ತಾರೀಖೂ ಹೋಗುತ್ತವೆ. ಅಂಟಿದ ಕಾರ್ಡನ್ನೂ ಎಳೆಯಬೇಡಿ, ಸುತ್ತಲಿನ ಹಾಳೆಯನ್ನು ಕತ್ತರಿಸಿ ಹಾಗೇ ಇಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಪಿವಿಸಿ ಕವರು ವರ್ಷ ಕಳೆದಂತೆ ಅಂಟಂಟಾಗಿ ಚಿತ್ರವನ್ನು ಹಾಳುಮಾಡುತ್ತದೆ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಗೆ ಬೀರು ಒರಗಿಸಬೇಡಿ. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಂದ ದಿನ ನೆರಳಿನಲ್ಲಿ ಡಬ್ಬ ತೆರೆದು ಗಾಳಿಯಾಡಿಸಿ.