ಸುಲಭಾ ದೇಶಪಾಂಡೆ: ಬೇಣಾರೆಬಾಯಿಯ ಪಾತ್ರ ಮತ್ತು ಛಬಿಲ್‌ದಾಸ್ ಶಾಲೆಯ ರಂಗ

‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರದಲ್ಲಿ ಶ್ರೀದೇವಿಯವರ ಅತ್ತೆಯಾಗಿ ನಟಿಸಿದ ಹಿರಿಯ ನಟಿ ಯಾರು, ಮರಾಠಿ ರಂಗಭೂಮಿಯಲ್ಲಿ ಅವರದು ನಿಜಕ್ಕೂ ದೊಡ್ಡ ಹೆಸರೇ ಎಂದು ಕೇಳಿದ್ದೀರಿ. ಅವರು ಸುಲಭಾ ದೇಶಪಾಂಡೆ. ಹೌದು, ಬಹಳ ದೊಡ್ಡ ಹೆಸರು. ಆದರೆ ಚಲನಚಿತ್ರಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಅದು ತಿಳಿಯುವುದಿಲ್ಲ ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1937ರಲ್ಲಿ ಹುಟ್ಟಿದ ಸುಲಭಾ ಅವರು ಮುಂಬಯಿಯ ದಾದರಿನ ಛಬಿಲ್‌ದಾಸ್ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ವಿಜಯಾ ಮೆಹ್ತಾ, ವಿಜಯ ತೆಂಡೂಲ್ಕರ್ ಮೊದಲಾದವರು ಕಟ್ಟಿದ ‘ರಂಗಾಯನ’ ತಂಡದಲ್ಲಿ ಪತಿ ಅರವಿಂದ ದೇಶಪಾಂಡೆಯವರೊಂದಿಗೆ ದುಡಿಯುತ್ತಿದ್ದಾಗ, 1967ರಲ್ಲಿ, ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ನಾಟಕದ ಲೀಲಾ ಬೇಣಾರೆಯ ಪಾತ್ರ ಅವರಿಗೆ ಬಂತು. ಹವ್ಯಾಸಿ ನಾಟಕ ತಂಡವೊಂದು ಹಳ್ಳಿಯಲ್ಲಿ ಪ್ರದರ್ಶನಕ್ಕೆ ಕಾಯುತ್ತ, ಹೊತ್ತು ಕಳೆಯಲೆಂದು ಸುಳ್ಳು ವಿಚಾರಣೆಯ ಆಟ ಹೂಡುತ್ತದೆ. ಅದರಲ್ಲಿ ಆರೋಪಿಯಾದ ಬೇಣಾರೆಬಾಯಿ ಅವಿವಾಹಿತೆ, ಗರ್ಭಿಣಿ, ವೃತ್ತಿಯಿಂದ ಶಿಕ್ಷಕಿ. ಭ್ರೂಣಹತ್ಯೆಯ ಆರೋಪದಿಂದ ಶುರುವಾದ ಆಟ ಮೆಲ್ಲಮೆಲ್ಲನೆ ನಿಜವಾದ ಬೇಟೆಯಾಗುತ್ತದೆ. ತಾನೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು ಆ ಕಾಲದಲ್ಲಿ ಆ ಪಾತ್ರವನ್ನು ಒಪ್ಪಿಕೊಂಡದ್ದರ ಧೈರ್ಯವನ್ನು ನಾವು ಸಾಕಷ್ಟು ಗುರುತಿಸಿಲ್ಲವೆಂದೇ ನನ್ನ ಅನಿಸಿಕೆ.

ನಾಟಕದ ಕೊನೆಯಲ್ಲಿ ಬೇಣಾರೆಯ ದೀರ್ಘ ಸ್ವಗತವಿದೆ. ಮಾತಾಡಲು ಆಕೆಗೆ ಸಿಗುವುದು ಹತ್ತೇ ಸೆಕೆಂಡು. ಸುತ್ತಲಿನವರೆಲ್ಲ ಇದ್ದಲ್ಲೇ ಸ್ತಬ್ಧರಾಗುತ್ತಾರೆ, ಅವಳು ಪ್ರೇಕ್ಷಕರ ಮುಂದೆ ಮನಸ್ಸು ಬಿಚ್ಚುತ್ತಾಳೆ. ಅಂದರೆ ರಂಗದ ಮೇಲಿರುವ ಯಾರೊಬ್ಬರೂ ಆ ಮಾತು ಕೇಳುವುದಿಲ್ಲ. ನಾನು ಸುಲಭಾ ಅವರನ್ನು ರಂಗದ ಮೇಲೆ ನೋಡಿದವನಲ್ಲ. ಸತ್ಯದೇವ ದುಬೆ ನಿರ್ದೇಶಿಸಿದ 1971ರ ಚಿತ್ರರೂಪದಲ್ಲಿಯೂ ಬೇಣಾರೆ ಅವರೇ ಆಗಿರುವುದರಿಂದ ಅದರ ಛಾಯೆಯಾದರೂ ನನಗೆ ದೊರೆಯಿತು. ಆರಂಭದ ಆ ಲವಲವಿಕೆ, ತಮಾಷೆಯ ಮಾತು, ಮಕ್ಕಳ ಹಾಡು ಇವೆಲ್ಲ ಒಂದೊಂದಾಗಿ ಆರಿಹೋಗುವುದನ್ನು ಅವರು ತೋರಿಸುವ ರೀತಿಯನ್ನು ನಾನು ಮರೆಯಲಾರೆ.

ಅವರ ಇನ್ನೊಂದು ಕೆಲಸ ಇದಕ್ಕಿಂತಲೂ ದೊಡ್ಡದು. 1971ರಲ್ಲಿ ಅರವಿಂದ ದೇಶಪಾಂಡೆ ಮತ್ತು ಅರುಣ ಕಾಕಡೆಯವರೊಂದಿಗೆ ಸೇರಿ ಅವರು ‘ಆವಿಷ್ಕಾರ’ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಪ್ರಯೋಗ ನಮ್ಮ ಗಿರೀಶ ಕಾರ್ನಾಡರ ‘ತುಘಲಕ್’, ತೆಂಡೂಲ್ಕರರ ಮರಾಠಿ ಅನುವಾದದಲ್ಲಿ. ಲಾಭ ತರದ ಪ್ರಾಯೋಗಿಕ ನಾಟಕಗಳಿಗೆ ದೊಡ್ಡ ನಾಟ್ಯಗೃಹಗಳ ಬಾಡಿಗೆ ಎಟುಕುವಂತಿರಲಿಲ್ಲ. ಆಗ ಸುಲಭಾ ಅವರು ಪಾಠ ಹೇಳುತ್ತಿದ್ದ ಶಾಲೆಯ ಸಣ್ಣ ಸಭಾಂಗಣವೇ 1974ರಿಂದ ರಂಗಮಂದಿರವಾಯಿತು. ಆವಿಷ್ಕಾರವಲ್ಲದೆ ಬೇರೆ ತಂಡಗಳೂ ಅಲ್ಲಿ ಆಡಿದವು. ಪ್ರೇಕ್ಷಕರು ಕೈಯಳತೆಯಲ್ಲಿ ಕೂತು ನೋಡಿದರು. ತೊಂಬತ್ತರ ದಶಕದ ಆರಂಭದವರೆಗೆ ನಡೆದ ಇದನ್ನು ಮರಾಠಿಗರು ಇಂದಿಗೂ ‘ಛಬಿಲ್‌ದಾಸ್ ಚಳವಳ’ ಎಂದೇ ಕರೆಯುತ್ತಾರೆ. ಮಕ್ಕಳಿಗಾಗಿ ‘ಚಂದ್ರಶಾಲಾ’ ಎಂಬ ವಿಭಾಗವನ್ನೂ ಅವರು ನಡೆಸಿದರು. ಅದರ ‘ದುರ್ಗಾ ಝಾಲೀ ಗೌರೀ’ ನೃತ್ಯನಾಟಕ ವರ್ಷಗಟ್ಟಲೆ ಆಡಿತು.

ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ತಾಯಿ, ಅತ್ತೆ, ನೆರೆಮನೆಯವಳ ಪಾತ್ರಗಳು. ಶ್ಯಾಮ ಬೆನಗಲ್ ಅವರ ‘ಭೂಮಿಕಾ’ದಲ್ಲಿ (1977) ಸ್ಮಿತಾ ಪಾಟೀಲರ ತಾಯಿ ಶಾಂತಾ ಇವರೇ, ಶಾಂತಾಳ ಗಂಡನ ಪಾತ್ರದಲ್ಲಿ ನಮ್ಮ ಬಿ.ವಿ. ಕಾರಂತರು. ಅನಂತನಾಗ್ ಕೂಡ ಆ ಚಿತ್ರದಲ್ಲಿದ್ದಾರೆ, ಚಿತ್ರಕಥೆಯಲ್ಲಿ ಕಾರ್ನಾಡರ ಕೈಯಿದೆ. ಹೀಗಾಗಿ ಕನ್ನಡಿಗರಿಗೆ ಅದು ಅಪರಿಚಿತ ಲೋಕವಲ್ಲ.

1987ರಲ್ಲಿ ಅರವಿಂದ ದೇಶಪಾಂಡೆ ತೀರಿಕೊಂಡರು. ಅದೇ ವರ್ಷದ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸುಲಭಾ ಅವರಿಗೆ ಸಂದಿತು. ಪತಿಯ ಅಗಲಿಕೆಯ ನಂತರವೂ ಅವರು ಆವಿಷ್ಕಾರದ ಕೈಬಿಡಲಿಲ್ಲ. 2016ರ ಜೂನ್ 4ರಂದು ಮುಂಬಯಿಯಲ್ಲಿ ನಿಧನರಾದರು.

ನೀವು ಅವರನ್ನು ಇನ್ನಷ್ಟು ಅರಿಯಬೇಕೆಂದಿದ್ದರೆ ಮೊದಲು ‘ಭೂಮಿಕಾ’ ನೋಡಿ, ಬಳಿಕ 1971ರ ಆ ಕಪ್ಪುಬಿಳುಪು ಚಿತ್ರವನ್ನು ಹುಡುಕಿ ನೋಡಿ. ಆಮೇಲೆ ‘ಇಂಗ್ಲಿಷ್ ವಿಂಗ್ಲಿಷ್’ಗೆ ಮರಳಿದರೆ, ಸೊಸೆಯ ಬೆನ್ನಿಗೆ ನಿಲ್ಲುವ ಆ ಅತ್ತೆಯ ಮುಖ ನಿಮಗೆ ಬೇರೆಯೇ ಆಗಿ ಕಂಡೀತು.