ಐರ್ಲೆಂಡ್‌ನಲ್ಲಿ ಮೆಡಿಕಲ್ ಕಾರ್ಡ್ ಬರೋವರೆಗೆ ಕಾಯಲಾ, ಇಲ್ಲ ಊರಿಗೆ ಹೋಗಿ ಗರ್ಭ ತೆಗೆಸಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂದಿತು. ಏಳು ವಾರದ ಬಸುರಿ, ಐರ್ಲೆಂಡ್‌ಗೆ ಬಂದು ಮೂರು ತಿಂಗಳು, ಮೆಡಿಕಲ್ ಕಾರ್ಡ್‌ಗೆ (ಆದಾಯ ಕಡಿಮೆ ಇದ್ದವರಿಗೆ ಸರ್ಕಾರ ಕೊಡುವ ಉಚಿತ ಚಿಕಿತ್ಸೆಯ ಕಾರ್ಡ್) ಅರ್ಜಿ ಹಾಕಿ ಕಾಯುತ್ತಿದ್ದೀರಿ, ಅಲ್ಲಿ ಊರಲ್ಲಿ ನಿಮ್ಮ ಅಮ್ಮ, ಇಲ್ಲಿ ಗರ್ಭಪಾತ ಸಿಗದೆ ತೀರಿಹೋದ ಸವಿತಾಳ ಕಥೆ ನೆನೆಸಿಕೊಂಡು ಊರಿಗೆ ಬಂದುಬಿಡು ಅಂತಿದ್ದಾರೆ. ಇದು 2019ರ ನಾನೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕಾರ್ಡ್‌ಗೆ ಕಾಯಬೇಡಿ. ಗರ್ಭಪಾತಕ್ಕೆ ಆ ಕಾರ್ಡ್ ಬೇಕಾಗಿಯೇ ಇಲ್ಲ.

ನಾವು ಹುಬ್ಬಳ್ಳಿ ಕಡೆಯವರು. ನಮ್ಮನೆಯವರಿಗೆ ಕಾರ್ಕ್ ಹತ್ತಿರ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಮನೆ ಅಲ್ಲಿಂದ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿ. 2018ರ ಜುಲೈನಲ್ಲಿ ಮಗಳು ಹುಟ್ಟಿದಳು, ಸಿಸೇರಿಯನ್. ಆ ಚಳಿಗಾಲವೆಲ್ಲ ಮಗುವಿಗೆ ಹಾಲು ಕುಡಿಸುತ್ತಾ ಟಿವಿ ಮುಂದೆ ಕೂತಿರುತ್ತಿದ್ದೆ, ಮತ್ತು ನಾನು ನೋಡುತ್ತಿದ್ದದ್ದು ಡಾಯ್ಲ್‌ನ ಕಲಾಪ. ಡಾಯ್ಲ್ ಅಂದ್ರೆ ಇಲ್ಲಿಯ ಸಂಸತ್ತಿನ ಕೆಳಮನೆ. ನನಗೆ ರಾಜಕೀಯದ ಆಸಕ್ತಿ ಅಷ್ಟಕ್ಕಷ್ಟೇ. ನೋಡಿದ್ದು ಸವಿತಾಗೋಸ್ಕರ.

ಸವಿತಾ ಹಾಲಪ್ಪನವರ್ ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸುರಿ ಬೆನ್ನು ನೋವು ಅಂತ ಇಲ್ಲಿಯ ಗಾಲ್ವೇ ಊರಿನ ಆಸ್ಪತ್ರೆಗೆ ಹೋದರು. ಮಗು ಉಳಿಯೋದಿಲ್ಲ ಅಂತ ಗೊತ್ತಾದ ಮೇಲೂ, ಅದರ ಎದೆಬಡಿತ ಇರೋವರೆಗೆ ತೆಗೆಯೋ ಹಾಗಿಲ್ಲ ಅಂದರು. ಸೋಂಕು ರಕ್ತಕ್ಕೆ ಏರಿ ಅಕ್ಟೋಬರ್ 28ಕ್ಕೆ ತೀರಿಹೋದರು. ವಯಸ್ಸು 31. ಆ ಸಾವು ಈ ದೇಶವನ್ನು ಅಲ್ಲಾಡಿಸಿತು. 2018ರ ಮೇ 25ರಂದು, ಗರ್ಭಪಾತದ ನಿಷೇಧ ತೆಗೆಯಬೇಕಾ ಅಂತ ಜನಮತ ನಡೆಯಿತು. ಆಗ ಅವರ ಅಪ್ಪ ಬೆಳಗಾವಿಯಿಂದಲೇ ಇಲ್ಲಿಯ ಜನರಿಗೆ 'ಹೌದು' ಅಂತ ಮತ ಹಾಕಿ ಅಂತ ಕೇಳಿಕೊಂಡಿದ್ದರು. ಶೇಕಡಾ 66.4 ಜನ ಹೌದು ಅಂದರು, 1983ರಿಂದ ಸಂವಿಧಾನದಲ್ಲಿದ್ದ ನಿಷೇಧ ಹೋಯಿತು. ಅದಾದ ಮೇಲೆ ಕಾನೂನು ಬರೆಯುವ ಕೆಲಸ ಆರೋಗ್ಯ ಸಚಿವ ಸೈಮನ್ ಹ್ಯಾರಿಸ್ ಮೇಲೆ ಬಿತ್ತು. ಆ ಚರ್ಚೆಯನ್ನೇ ನಾನು ನೋಡುತ್ತಿದ್ದದ್ದು.

ಜನರ ತೆರಿಗೆ ದುಡ್ಡಲ್ಲಿ ಇದನ್ನು ಮಾಡಬಾರದು ಅಂತ ಕೆಲವರು ಪಟ್ಟು ಹಿಡಿದಿದ್ದರು. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಇದು ತಪ್ಪಬಾರದು ಅನ್ನೋದು ಹ್ಯಾರಿಸ್ ನಿಲುವು. ಇನ್ನೊಂದು ಕಡೆ ಬ್ರೀಡ್ ಸ್ಮಿತ್, ರೂತ್ ಕಾಪಿಂಗರ್ ಥರದ ಎಡಪಂಥದ ಸದಸ್ಯೆಯರು ಮಸೂದೆಯಲ್ಲಿದ್ದ ಮೂರು ದಿನದ ಕಾಯುವಿಕೆಯನ್ನು, ಅಂದ್ರೆ ವೈದ್ಯರು ಬರೆದುಕೊಟ್ಟ ಮೇಲೂ ಗರ್ಭಪಾತಕ್ಕೆ ಮೂರು ದಿನ ಕಾಯಲೇಬೇಕು ಅನ್ನೋದನ್ನು, ತೆಗೆಯಿರಿ ಅಂತ ವಾದಿಸಿದರು. ಹ್ಯಾರಿಸ್ ಒಪ್ಪಲಿಲ್ಲ, ಜನಮತಕ್ಕೆ ಮುಂಚೆಯೇ ಜನರ ಮುಂದೆ ಇಟ್ಟಿದ್ದ ಕರಡಿನಲ್ಲಿ ಅದಿತ್ತು. ಆಗ ನನಗೂ, ಮೂರೇ ದಿನ ಅಲ್ವಾ, ಏನು ಮಹಾ ಅನ್ನಿಸಿತ್ತು. ಡಿಸೆಂಬರ್ 5ಕ್ಕೆ 90 ಮತ ಪರ, 15 ವಿರುದ್ಧ. 20ರಂದು ಅಧ್ಯಕ್ಷರ ಸಹಿ. 2019ರ ಜನವರಿ 1ರಿಂದ ಸೇವೆ ಶುರು. ನಾನು ಅವತ್ತು ಸವಿತಾಗೋಸ್ಕರ ದೇವರ ಮುಂದೆ ದೀಪ ಹಚ್ಚಿದ್ದೆ.

ಎರಡೇ ತಿಂಗಳಿಗೆ, ಮಾರ್ಚ್ 5ರಂದು, ನನ್ನ ಟೆಸ್ಟ್ ಪಾಸಿಟಿವ್ ಬಂತು. ಮಗಳಿಗೆ ಎಂಟು ತಿಂಗಳು, ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು. ಬೇಡ ಅಂತ ಇಬ್ಬರೂ ಒಂದೇ ರಾತ್ರಿಯಲ್ಲಿ ತೀರ್ಮಾನ ಮಾಡಿದೆವು.

ಇಲ್ಲೇ ನಾನು ತಪ್ಪಿದ್ದು. ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ನೀವೂ ಇದನ್ನೇ ಮಾಡುತ್ತಿದ್ದೀರಿ. ಆ ಚಳಿಗಾಲದಲ್ಲಿ ಅದೇ ಸಚಿವರ ಬಾಯಲ್ಲಿ ಮೆಡಿಕಲ್ ಕಾರ್ಡ್, ಜಿಪಿ ವಿಸಿಟ್ ಕಾರ್ಡ್ (ಜಿಪಿ ಅಂದ್ರೆ ಇಲ್ಲಿ ಮೊದಲು ಕಾಣುವ ಫ್ಯಾಮಿಲಿ ಡಾಕ್ಟರ್) ಅನ್ನೋ ಮಾತುಗಳನ್ನೂ ಕೇಳಿದ್ದೆ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಜಿಪಿ ಕಾರ್ಡ್ ಕೊಟ್ಟದ್ದೂ ಅದೇ ವರ್ಷ. ನನ್ನ ತಲೆಯಲ್ಲಿ ಎರಡೂ ಗಂಟು ಬಿದ್ದವು. ಉಚಿತ ಅಂದ್ರೆ ಕಾರ್ಡ್ ಇದ್ದವರಿಗೆ ಉಚಿತ, ಇಲ್ಲದವರು ಜಿಪಿಗೂ ಆಸ್ಪತ್ರೆಗೂ ಎಷ್ಟೋ ಕಟ್ಟಬೇಕು ಅಂತ ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ, ಕೇಳೋಕೆ ನಾಚಿಕೆ. ಬಾಡಿಗೆ ಕಟ್ಟಿ ಉಳಿಯುತ್ತಿದ್ದ ದುಡ್ಡು ಅಷ್ಟರಲ್ಲೇ ಇತ್ತು. ಮಾರನೇ ದಿನವೇ ಕಾರ್ಡ್‌ಗೆ ಅರ್ಜಿ ಹಾಕಿದೆ. ಎರಡು ವಾರಕ್ಕೆ ಪತ್ರ ಬಂತು, ಸಂಬಳದ ಚೀಟಿ ಕಳಿಸಿ ಅಂತ. ಕಳಿಸಿದೆ. ಏಪ್ರಿಲ್ 4ಕ್ಕೆ ಇನ್ನೊಂದು ಪತ್ರ: ಆದಾಯ ಮಿತಿಗಿಂತ ಜಾಸ್ತಿ, ಕಾರ್ಡ್ ಇಲ್ಲ.

ಮೂವತ್ತು ದಿನ ಹೋದವು. ಕಾರ್ಡ್ ಸಿಕ್ಕಿದ್ದರೂ ಅದರಿಂದ ಏನೂ ಆಗುತ್ತಿರಲಿಲ್ಲ. ಮೆಡಿಕಲ್ ಕಾರ್ಡ್ ಆದಾಯ ನೋಡಿ ಕೊಡುವಂಥದ್ದು, ಜ್ವರ ಬಂದಾಗ ಜಿಪಿಗೆ ದುಡ್ಡು ಕೊಡಬೇಕಾ ಬೇಡವಾ ಅನ್ನೋದಕ್ಕೆ. ಗರ್ಭಪಾತದ ಸೇವೆ ಆ ಲೆಕ್ಕದೊಳಗೆ ಬರೋದೇ ಇಲ್ಲ. 2018ರ ಆ ಕಾಯ್ದೆಯೇ ಹಳೆಯ ಆರೋಗ್ಯ ಕಾಯ್ದೆಯನ್ನು ತಿದ್ದಿ, ಇಲ್ಲಿ ವಾಸ ಇರುವ ಎಲ್ಲರಿಗೂ ಇದನ್ನು ಉಚಿತ ಮಾಡಿದೆ. ವಾಸ ಅಂದ್ರೆ ಒಂದು ವರ್ಷ ಇಲ್ಲಿ ಇದ್ದಿರಬೇಕು, ಇಲ್ಲಾ ಒಂದು ವರ್ಷವಾದರೂ ಇರುವ ಉದ್ದೇಶ ಇರಬೇಕು. ಗಂಡನ ಕೆಲಸದ ಪರ್ಮಿಟ್ ಮೇಲೆ ಬಂದ ನೀವು ಅದರಲ್ಲಿ ಬರುತ್ತೀರಿ. ಹೆರಿಗೆಯ ಆರೈಕೆಯೂ ಹಾಗೆಯೇ, ಕಾರ್ಡ್ ಬೇಡ. ನನ್ನ ಮಗಳು ಹಾಗೇ ಹುಟ್ಟಿದ್ದಳು, ಬಿಲ್ ಬಂದಿರಲಿಲ್ಲ. ಆಗಲೂ ನನ್ನ ಹತ್ತಿರ ಕಾರ್ಡ್ ಇರಲಿಲ್ಲ! ಅದಾದರೂ ಹೊಳೆಯಬೇಕಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಏಪ್ರಿಲ್ 8ಕ್ಕೆ ನಮ್ಮೂರಿನ ಜಿಪಿ ಹತ್ತಿರ ಹೋದೆ, ಆತ ತಾನು ಈ ಸೇವೆ ಕೊಡೋದಿಲ್ಲ ಅಂದ. ಆತ್ಮಸಾಕ್ಷಿಯ ಕಾರಣಕ್ಕೆ ಮಾಡೋದಿಲ್ಲ ಅನ್ನೋ ಹಕ್ಕನ್ನು ಕಾಯ್ದೆ ಕೊಟ್ಟಿದೆ, ಆದರೆ ಬೇರೆಯವರಿಗೆ ದಾಟಿಸಬೇಕು ಅಂತಲೂ ಇದೆ. ಆತ ದಾಟಿಸಲಿಲ್ಲ. ಅವತ್ತು ರಾತ್ರಿ ಮೈ ಆಪ್ಷನ್ಸ್ ಅನ್ನೋ, ಬೇಡದ ಬಸಿರಿನ ಬಗ್ಗೆ ಸಲಹೆ ಕೊಡುವ ಸಹಾಯವಾಣಿ ಕಣ್ಣಿಗೆ ಬಿತ್ತು. ಅವರು ಕೊಟ್ಟ ಹೆಸರು ಹಿಡಿದು ಗುರುವಾರ, 11ರಂದು, ಬೇರೆ ಊರಿನ ವೈದ್ಯೆಯ ಹತ್ತಿರ ಹೋದೆ. ನನ್ನ ಲೆಕ್ಕದಲ್ಲಿ 11 ವಾರ 2 ದಿನ. ಆಕೆ 12 ವಾರ ದಾಟಿಲ್ಲ ಅಂತ ಪ್ರಮಾಣಪತ್ರ ಬರೆದರು, ಮೂರು ದಿನದ ಗಡಿಯಾರ ಶುರುವಾದದ್ದು ಆಗ. ನೀವು ಫೋನ್ ಮಾಡಿದ ದಿನದಿಂದ ಅಲ್ಲ, ಮನಸ್ಸು ಗಟ್ಟಿ ಮಾಡಿದ ದಿನದಿಂದಲೂ ಅಲ್ಲ, ವೈದ್ಯರು ನೋಡಿ ಬರೆದುಕೊಟ್ಟ ದಿನದಿಂದ. ನಡುವೆ ಶನಿವಾರ, ಭಾನುವಾರ. 9 ವಾರ ದಾಟಿದವರು ಆಸ್ಪತ್ರೆಗೇ ಹೋಗಬೇಕು, ಹಾಗಾಗಿ ಸೋಮವಾರ ಆಸ್ಪತ್ರೆ. ಸ್ಕ್ಯಾನ್ ಮಾಡಿದರು. 12 ವಾರ 4 ದಿನ.

ಹಾಲು ಕುಡಿಸುತ್ತಿದ್ದೆನಲ್ಲ, ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಐದು ದಿನ ತಪ್ಪು ಎಣಿಸಿದ್ದೆ. ಕಾಯ್ದೆಯ ಮಿತಿ 12 ವಾರ, ಅದನ್ನೂ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆಸ್ಪತ್ರೆಯ ವೈದ್ಯೆ ನನ್ನ ಕೈ ಹಿಡಿದುಕೊಂಡೇ ಆಗೋದಿಲ್ಲ ಅಂದರು. ಮಿತಿ ಮೀರಿ ಮಾಡಿದವರಿಗೆ 14 ವರ್ಷದವರೆಗೆ ಜೈಲು ಅಂತ ಅದೇ ಕಾಯ್ದೆಯಲ್ಲಿದೆ, ಅವರನ್ನು ಹೇಗೆ ಬೈಯಲಿ? ಆಗ ಟಿವಿಯಲ್ಲಿ ಕೇಳಿದ ಆ ಮೂರು ದಿನದ ವಾದ ನೆನಪಾಗಿ ಕಾರಿನಲ್ಲಿ ಕೂತು ಅತ್ತೆ.

ಇಲ್ಲಿಯ ಹೆಣ್ಣುಮಕ್ಕಳಾದರೆ ಅವತ್ತೇ ಇಂಗ್ಲೆಂಡ್ ವಿಮಾನ ಹತ್ತುತ್ತಾರೆ. ನಮ್ಮ ಪಾಸ್‌ಪೋರ್ಟ್‌ಗೆ ಅದಕ್ಕೂ ವೀಸಾ ಬೇಕು. ಕೊನೆಗೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹುಬ್ಬಳ್ಳಿಗೆ ಹೋದೆ, 14ನೇ ವಾರದಲ್ಲಿ. ಇಬ್ಬರು ವೈದ್ಯರ ಸಹಿ ಆಯಿತು. ಗಂಡನ ಸಹಿ ಇಲ್ಲದೆ ಆಗೋದಿಲ್ಲ ಅಂತ ಆಸ್ಪತ್ರೆಯವರು ಹಟ ಹಿಡಿದರು. ಭಾರತದ ಕಾಯ್ದೆ ವಯಸ್ಕ ಹೆಂಗಸಿನ ಒಪ್ಪಿಗೆ ಒಂದನ್ನೇ ಕೇಳುತ್ತೆ, ಆದರೂ ಕಾರ್ಕ್‌ನಿಂದ ವಾಟ್ಸಾಪ್‌ನಲ್ಲಿ ಸಹಿ ತರಿಸಿದ ಮೇಲೆಯೇ ಒಳಗೆ ಕರೆದದ್ದು. ರಕ್ತ ಜಾಸ್ತಿ ಹೋಗಿ ಎರಡು ರಾತ್ರಿ ಉಳಿಯಬೇಕಾಯಿತು. ಗುಟ್ಟಾಗಿ ಬಂದು ಗುಟ್ಟಾಗಿ ಹೋಗೋಣ ಅಂದುಕೊಂಡಿದ್ದೆ, ಅತ್ತೆಗೆ ಗೊತ್ತಾಯಿತು. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯೋದಿಲ್ಲ. ಟಿಕೆಟ್, ಆಸ್ಪತ್ರೆ ಎಲ್ಲ ಸೇರಿ 2,000 ಯೂರೋ ಹತ್ತಿರ ಆಯಿತು, ಮಾರ್ಚ್‌ನಲ್ಲಿ ಒಂದು ಫೋನ್ ಮಾಡಿದ್ದರೆ ಒಂದು ಸೆಂಟೂ ಬೇಕಿರದ ಕೆಲಸಕ್ಕೆ.

ಹಾಗಾಗಿ ಐರ್ಲೆಂಡಾ ಊರಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನಿಸುತ್ತೆ ನನಗೆ. ಊರಿನ ಕಾನೂನು ಸಡಿಲ ಅಂತ ನೀವು ಬರೆದಿದ್ದೀರಿ. ನಿಜ, ಮಿತಿ 20 ವಾರ ಇತ್ತು, 2021ರಲ್ಲಿ ಹರ್ಷವರ್ಧನ್ ಆರೋಗ್ಯ ಸಚಿವರಾಗಿದ್ದಾಗ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಕೆಲವು ವರ್ಗದ ಹೆಂಗಸರಿಗೆ 24ರವರೆಗೆ ಹೋಗಿದೆ. ಆದರೆ ಏಳು ವಾರದಲ್ಲಿ ನಿಮಗೆ ಬೇಕಾಗಿರೋದು ಎರಡು ಸಲ ಜಿಪಿಯನ್ನು ಕಾಣೋದು, ಎರಡು ಥರದ ಮಾತ್ರೆ, ಮನೆಯಲ್ಲಿ ಎರಡು ದಿನ ವಿಶ್ರಾಂತಿ. ಮೊದಲ ಮಾತುಕತೆ ಫೋನ್‌ನಲ್ಲೂ ಆಗುತ್ತೆ. ಅದಕ್ಕೆ ವಿಮಾನ ಹತ್ತೋದು ಯಾಕೆ?

ಅಮ್ಮನಿಗೆ ಹೀಗೆ ಹೇಳಿ: ಸವಿತಾಗೆ ಆದದ್ದು ಹಳೆಯ ಕಾನೂನಿನ ಕಾಲದಲ್ಲಿ. ಈಗ ತಾಯಿಯ ಜೀವಕ್ಕೆ ಅಪಾಯ ಅಂದರೆ, ಅಥವಾ ಆರೋಗ್ಯಕ್ಕೆ ದೊಡ್ಡ ಹಾನಿ ಆಗುತ್ತೆ ಅಂದರೆ 12 ವಾರದ ಮಿತಿ ಅಡ್ಡ ಬರೋದಿಲ್ಲ, ತುರ್ತು ಇದ್ದರೆ ಒಬ್ಬ ವೈದ್ಯರೇ ನಿರ್ಧರಿಸಬಹುದು. ಎಲ್ಲ ಸರಿಹೋಗಿದೆ ಅಂತ ನಾನು ಹೇಳೋದಿಲ್ಲ. 2023ರಲ್ಲಿ ಮೇರಿ ಓಶೇ ಅನ್ನೋ ವಕೀಲೆ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಮೂರು ದಿನ ಕಾಯೋದು ಕಡ್ಡಾಯ ಆಗಬಾರದು ಅಂತಲೇ ಬರೆದರು. 19 ಹೆರಿಗೆ ಆಸ್ಪತ್ರೆಗಳಲ್ಲಿ ಆಗ ಪೂರ್ತಿ ಸೇವೆ ಇದ್ದದ್ದು 11ರಲ್ಲಿ ಮಾತ್ರ. ಆ ಮೂರು ದಿನ ಇನ್ನೂ ಕಾಯ್ದೆಯಲ್ಲಿದೆ, ಅದಕ್ಕೇ ನಿಮ್ಮನ್ನು ಇಷ್ಟು ಅವಸರ ಮಾಡುತ್ತಿರೋದು.

ನೀವು ಬೇಕು ಅಂತ ನಿರ್ಧರಿಸಿದರೂ ಸರಿ, ಬೇಡ ಅಂದರೂ ಸರಿ, ಇನ್ನೂ ಗೊತ್ತಿಲ್ಲ ಅಂದರೂ ಸರಿ, ಮೈ ಆಪ್ಷನ್ಸ್‌ಗೆ ಬೆಳಿಗ್ಗೆಯೇ ಫೋನ್ ಮಾಡಿ: 1800 828 010. ದುಡ್ಡಿಲ್ಲ, ಯಾರೂ ತೀರ್ಪು ಕೊಡೋದಿಲ್ಲ, ಸೇವೆ ಕೊಡುವ ಜಿಪಿಗಳ ಹೆಸರು ಅವರ ಹತ್ತಿರ ಇರುತ್ತೆ. ಕೊನೆಯ ಮುಟ್ಟು ಶುರುವಾದ ತಾರೀಖನ್ನು ಕ್ಯಾಲೆಂಡರ್ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜಿಪಿ ಮೊದಲು ಕೇಳೋದು ಅದನ್ನೇ.