ಅತ್ತೆಯ ಕಥೆ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಸೆಪ್ಟೆಂಬರ್ 17ರ ವಿಮೋಚನಾ ದಿನಕ್ಕೆ ಶಾಲೆಯಲ್ಲಿ ಭಾಷಣ ಮಾಡಬೇಕು. ನಮ್ಮತ್ತೆಗೆ 1948ರಲ್ಲಿ ಎಂಟು ವರ್ಷ. ಹೈದರಾಬಾದ್ ನಿಜಾಮರ ಪರ ನಿಂತ ರಜಾಕಾರರ ಪಡೆಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟ ಕಥೆ ಹೇಳಿದರು, ಅವನು ಅದನ್ನೇ ಬರೆದುಕೊಂಡ. ಅವನ ಗೆಳೆಯ, ಮುಸ್ಲಿಂ ಹುಡುಗ, "ನಮ್ಮ ಮುತ್ತಜ್ಜನನ್ನು ಕೊಂದದ್ದೂ ಅದೇ ತಿಂಗಳು. ಆ ದಿನ ನಮ್ಮ ಮನೇಲಿ ಯಾರೂ ಜಾಸ್ತಿ ಮಾತಾಡಲ್ಲ" ಅಂದನಂತೆ. ಈಗ ಮಗ "ಯಾರದ್ದಮ್ಮಾ ಸುಳ್ಳು?" ಅಂತ ಕೇಳುತ್ತಿದ್ದಾನೆ. ಏನು ಹೇಳಲಿ?
- ಒಬ್ಬ ತಾಯಿ, ಕಲಬುರಗಿ

ಉತ್ತರ: ಇಬ್ಬರದ್ದೂ ಸುಳ್ಳಲ್ಲ ತಂಗಿ. ಒಂದು ಕಥೆ ಮುಗಿಯುವ ಕಡೆ ಇನ್ನೊಂದು ಶುರುವಾಗುತ್ತದೆ, ಅಷ್ಟೇ.

ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮ್ಮ ಕಡೆ ನಿಜಾಮರ ಆಡಳಿತ ಇನ್ನೂ 13 ತಿಂಗಳು ನಡೆಯಿತು. ಜೊತೆಗೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಜನ ಇನ್ನೂ ಮರೆತಿಲ್ಲ. ನಿಮ್ಮತ್ತೆ ಊರು ಬಿಟ್ಟದ್ದು ಆ ಭಯದ ಕಾಲದಲ್ಲಿ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು. ಹೆಸರು ಪೊಲೀಸ್ ಆ್ಯಕ್ಷನ್, ಬಂದದ್ದು ಮಿಲಿಟರಿ. 17ಕ್ಕೆ ನಿಜಾಮರು ಶರಣಾದರು. ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ.

ಮುಂದಿನದನ್ನು ನೋಡಿಬರಲು ನೆಹರೂ ಅದೇ ವರ್ಷ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿದರು. ಸೈನ್ಯ ಬಂದಾಗ ಮತ್ತು ಬಂದ ಮೇಲೆ ಸತ್ತವರು 27,000ದಿಂದ 40,000 ಎಂದು ಸಮಿತಿಯ ಅಂದಾಜು. ಹೆಚ್ಚಿನವರು ಮುಸ್ಲಿಮರು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ವರದಿಯನ್ನು ಸರ್ಕಾರ ಎಷ್ಟೋ ದಶಕ ಹೊರಗೇ ಬಿಡಲಿಲ್ಲ. ಅದರಲ್ಲಿ ಇನ್ನೊಂದು ಮಾತಿದೆ: ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೀವ ಕೊಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದರಂತೆ. ಒಂದೇ ಕಸುಬಿನವರು, ಅಲ್ವಾ.

ನಮ್ಮ ಮನೆಯದೇ ಹೇಳುತ್ತೇನೆ. ನಮ್ಮಜ್ಜಿಯೂ ಗಾಡಿ ಕಟ್ಟಿಕೊಂಡು ಮುಂಬಯಿ ಪ್ರಾಂತ್ಯದ ಕಡೆ ಓಡಿದವರು. ಎತ್ತಿನ ಕೊರಳ ಗಂಟೆ ಬಿಚ್ಚಿ ಜೋಳದ ಚೀಲಕ್ಕೆ ತುರುಕಿದ್ದು, ಕೂಸು ಅಳದಿರಲೆಂದು ಬಾಯಿಗೆ ಬೆಲ್ಲ ಇಟ್ಟಿದ್ದು, ಎಲ್ಲವನ್ನೂ ನೂರು ಸಲ ಹೇಳಿದ್ದಾರೆ. ವಾಪಸ್ ಬಂದ ಮೇಲೆ ಏನಾಯ್ತು ಅಂದರೆ ಮಾತ್ರ ಒಂದೇ ಸಾಲು: "ಆಮ್ಯಾಲ ಎಲ್ಲಾ ಶಾಂತ ಆಯ್ತು."

ಅಡುಗೆಮನೆಯಲ್ಲಿ ಒಂದು ತಾಮ್ರದ ತಪೇಲಿ ಇತ್ತು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಉರ್ದು ಅಕ್ಷರ. ನಮ್ಮಪ್ಪ ಉರ್ದುವಿನಲ್ಲೇ ಶಾಲೆ ಕಲಿತವರು, ಆಗ ನಮ್ಮ ಕಡೆ ಸರ್ಕಾರದ ಭಾಷೆ ಅದೇ ತಾನೇ. ಒಂದು ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಓದಿ ಹೇಳಿ ಅಂದೆ. ಬೆಳಕಿಗೆ ಹಿಡಿದು ಓದಿದರು. ಒಬ್ಬ ಹೆಂಗಸಿನ ಹೆಸರು. ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲದ ಹೆಸರು. ಕೊಂಡದ್ದೋ, ಇಟ್ಟುಕೊಂಡಿರಿ ಅಂತ ಕೊಟ್ಟು ಹೋದದ್ದೋ, ಇನ್ನೇನೋ. ಅಜ್ಜಿ ಒಳಗಿನಿಂದ "ಒಲಿ ಆರ್ತದ ನೋಡು" ಅಂದರು. ನಾನು ಎದ್ದು ಹೋದೆ. ಅದು ನನ್ನ ತಪ್ಪು.

ನೀವು ಸುಮ್ನೆ ವರದಿ ಹಿಡಿದುಕೊಂಡು ಅತ್ತೆಯ ಮುಂದೆ ಕೂರಬೇಡಿ. ಎಂಟು ವರ್ಷದ ಹುಡುಗಿ ಕಂಡದ್ದನ್ನು ಅವರು ಹೇಳುತ್ತಿದ್ದಾರೆ. ಸಣ್ಣದನ್ನು ಕೇಳಿ. ವಾಪಸ್ ಬಂದಾಗ ಬಾಗಿಲಿಗೆ ಬೀಗ ಹಾಗೇ ಇತ್ತಾ? ಮೊದಲ ದಿನ ನೀರು ಎಲ್ಲಿಂದ ತಂದ್ರಿ? ಪಕ್ಕದ ಮನೆಯಲ್ಲಿ ಯಾರಿದ್ದರು? ಸುಮ್ಮನಾದರೆ ಬಿಡಿ. ಇನ್ನೊಂದು ದಿನ ಸೊಪ್ಪು ಸೋಸುವಾಗ ಅವರೇ ಶುರು ಮಾಡಬಹುದು.

ಭಾಷಣದಲ್ಲಿ ಮಗ ಅಜ್ಜಿಯ ರಾತ್ರಿಯನ್ನು ಧಾರಾಳವಾಗಿ ಹೇಳಲಿ. 17ನೇ ತಾರೀಖಿಗೇ ನಿಲ್ಲಿಸದೆ, ಆಮೇಲೆಯೂ ಜನ ಸತ್ತರು ಎಂಬ ಒಂದು ಸಾಲು ಸೇರಿಸಲಿ. ಗೆಳೆಯನ ಮುತ್ತಜ್ಜನ ಸುದ್ದಿ ಎತ್ತಬೇಕೋ ಬೇಡವೋ ಅಂತ ಮಾತ್ರ ಗೆಳೆಯನನ್ನೇ ಕೇಳಲಿ. ಅವನು ಬೇಡ ಅಂದರೆ ಬೇಡ.